ಕಲಾ ಚಿಕಿತ್ಸಕರ ಕಲಿಕೆ ಮತ್ತು ಕಾಯಕ



ವೈದ್ಯರು ಏನು ಮಾಡುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಶಾಲೆಯ ಚಿತ್ರಕಲಾ ಶಿಕ್ಷಕರು, ಸಂಗೀತದ ಮೇಷ್ಟರು ಏನು ಮಾಡುತ್ತಾರೆ ಎಂಬುದೂ ಗೊತ್ತು. ಈ ಎರಡರ ನಡುವೆ ನಿಂತಿರುವ ಇನ್ನೊಂದು ವೃತ್ತಿ ಇದೆ. ಅದೇ ಸೃಜನಶೀಲ ಕಲಾ ಚಿಕಿತ್ಸೆ. ಚಿತ್ರ, ಸಂಗೀತ, ನೃತ್ಯ, ನಾಟಕ, ಜೇಡಿಮಣ್ಣು ಇವುಗಳ ಮೂಲಕ ನೊಂದ ಮನಸ್ಸಿಗೆ ನೆರವಾಗುವ ಕೆಲಸ ಅದು. ರಾವೂರ, ವಾಡಿ, ಚಿತ್ತಾಪುರ, ಸೇಡಂ, ಶಹಾಬಾದ, ಚಿಂಚೋಳಿಯ ಕಡೆ ಈ ವೃತ್ತಿಯ ಹೆಸರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಆದರೆ ಅದು ಯಾವ ಅಗತ್ಯದಿಂದ ಹುಟ್ಟಿತೋ ಆ ಅಗತ್ಯ ಇಲ್ಲಿಯೂ ಇದೆ. ಮನಸ್ಸಿನಲ್ಲಿ ನೋವಿದ್ದು ಬಾಯಲ್ಲಿ ಮಾತಿಲ್ಲದ ಹುಡುಗ ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಆದ್ದರಿಂದ ಈ ವೃತ್ತಿಯವರು ಏನು ಕಲಿತಿರುತ್ತಾರೆ, ಒಬ್ಬೊಬ್ಬರ ಜೊತೆ ಹೇಗೆ ಕೆಲಸ ಮಾಡುತ್ತಾರೆ, ಅವರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಈ ಭಾಷಣದಲ್ಲಿ ನೋಡೋಣ.

ಬೀಸುಕಲ್ಲಿನ ಮುಂದಿನ ಹಾಡು

ಕಲೆಗೂ ಮನಸ್ಸಿನ ಹಗುರಕ್ಕೂ ಇರುವ ನಂಟು ನಮಗೆ ಹೊಸದಲ್ಲ. ನಮ್ಮ ಅಜ್ಜಿಯರು ನಸುಕಿನಲ್ಲೆದ್ದು ಬೀಸುಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತ ಹಾಡುತ್ತಿದ್ದರು. ತವರಿನ ನೆನಪು, ಗಂಡನ ಮನೆಯ ಕಷ್ಟ, ಕೈಬಿಟ್ಟು ಹೋದ ಕೂಸಿನ ದುಃಖ ಎಲ್ಲವೂ ಆ ಹಾಡುಗಳಲ್ಲಿ ಬರುತ್ತಿದ್ದವು. ಮನೆಯಲ್ಲಿ ಯಾರ ಮುಂದೆಯೂ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಆಡಬಹುದಿತ್ತು. ಕಲ್ಲು ಅದನ್ನು ಮತ್ತೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ. ಕಡಕೋಳ ಮಡಿವಾಳಪ್ಪನವರಂಥ ಅನುಭಾವಿಗಳ ತತ್ತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರು ಕಲಬುರಗಿ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಮೊಹರಂ ಬಂದಾಗ ಹಿಂದೂ ಮುಸಲ್ಮಾನರು ಕೂಡಿಯೇ ರಿವಾಯತ್ ಪದ ಹೇಳುತ್ತಾರೆ. ಇವೆಲ್ಲ ಸಮುದಾಯವೇ ತನಗಾಗಿ ಕಂಡುಕೊಂಡ ಸಮಾಧಾನದ ದಾರಿಗಳು.

ಹಾಗಾದರೆ ಕಲಾ ಚಿಕಿತ್ಸೆ ಇವುಗಳಿಗಿಂತ ಹೇಗೆ ಬೇರೆ? ಮುಖ್ಯವಾಗಿ ಮೂರು ವಿಷಯಗಳಲ್ಲಿ. ಮೊದಲನೆಯದು, ಇಲ್ಲಿ ಎದುರಿಗೆ ಮನಶ್ಶಾಸ್ತ್ರವನ್ನೂ ಕಲೆಯನ್ನೂ ಕಲಿತ ಒಬ್ಬ ವ್ಯಕ್ತಿ ಇರುತ್ತಾರೆ. ಎರಡನೆಯದು, ಯಾವ ತೊಂದರೆಗಾಗಿ ಈ ಕೆಲಸ, ಏನು ಬದಲಾಗಬೇಕು ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರುತ್ತಾರೆ. ಮೂರನೆಯದು, ಅಲ್ಲಿ ನಡೆದದ್ದನ್ನು ಗುಟ್ಟಾಗಿ ಕಾಪಾಡುವ ಹೊಣೆ ಚಿಕಿತ್ಸಕರದು. ಬೀಸುಕಲ್ಲಿಗೆ ಸಹಜವಾಗಿದ್ದ ಗುಣವನ್ನು ಚಿಕಿತ್ಸಕರು ಕರ್ತವ್ಯವಾಗಿ ಪಾಲಿಸುತ್ತಾರೆ ಎನ್ನಬಹುದು.

ವೃತ್ತಿ ಹುಟ್ಟಿದ ಬಗೆ

‘ಕಲಾ ಚಿಕಿತ್ಸೆ’ ಎಂಬ ಮಾತನ್ನು 1942ರಲ್ಲಿ ಮೊದಲು ಬಳಕೆಗೆ ತಂದವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದ ಅವರಿಗೆ ಚಿತ್ರ ಬರೆಯುವುದರಿಂದ ಮನಸ್ಸು ಹಿಡಿತಕ್ಕೆ ಬರುತ್ತದೆ ಎಂಬುದು ಅರಿವಾಯಿತು. ಉಳಿದ ರೋಗಿಗಳಿಗೂ ಅವರು ಕಾಗದ, ಬಣ್ಣ ಕೊಡಿಸಲು ಮೊದಲು ಮಾಡಿದರು. ಅದೇ 1942ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಮೇರಿಯನ್ ಚೇಸ್ ಎಂಬ ನೃತ್ಯಶಿಕ್ಷಕಿ ರೋಗಿಗಳ ಜೊತೆ ಕೆಲಸ ಆರಂಭಿಸಿದರು. ವರ್ಷಗಟ್ಟಲೆ ಮಾತು ಬಿಟ್ಟವರ ಎದುರು ಕುಳಿತು, ಅವರ ಕೈ ಹೇಗೆ ಅಲುಗುತ್ತದೆಯೋ ಹಾಗೆಯೇ ತಾನೂ ಅಲುಗಿಸುತ್ತ ಸಂಪರ್ಕ ಬೆಳೆಸುವುದು ಅವರ ಕ್ರಮವಾಗಿತ್ತು. ಯುದ್ಧದಿಂದ ಮರಳಿದ ಸೈನಿಕರು ಆಸ್ಪತ್ರೆಗಳನ್ನು ತುಂಬಿದ್ದ ಕಾಲ ಅದು. ತಾವು ಕಂಡದ್ದನ್ನು ಅವರಿಂದ ಮಾತಿನಲ್ಲಿ ಹೇಳುವುದಾಗುತ್ತಿರಲಿಲ್ಲ. ಆದ್ದರಿಂದ ಮಾತಿಲ್ಲದ ದಾರಿಗಳಿಗೆ ಬೆಲೆ ಬಂತು.

ಮುಂದೆ ಈ ಕೆಲಸಕ್ಕೆ ಶಿಸ್ತು ಬಂದಿತು. ಅಮೆರಿಕದಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ 1950ರಲ್ಲಿ, ಬ್ರಿಟನ್ನಿನಲ್ಲಿ ಕಲಾ ಚಿಕಿತ್ಸಕರ ಸಂಘ 1964ರಲ್ಲಿ, ಅಮೆರಿಕದ ನೃತ್ಯ ಚಿಕಿತ್ಸಾ ಸಂಘ 1966ರಲ್ಲಿ ಸ್ಥಾಪನೆಯಾದವು. ಇಂದು ಬ್ರಿಟನ್ನಿನಲ್ಲಿ ಕಲಾ ಚಿಕಿತ್ಸಕ, ಸಂಗೀತ ಚಿಕಿತ್ಸಕ, ನಾಟಕ ಚಿಕಿತ್ಸಕ ಎಂಬ ಹೆಸರುಗಳನ್ನು ನೋಂದಣಿ ಇಲ್ಲದವರು ಬಳಸುವಂತಿಲ್ಲ. ಅದಕ್ಕೆ ಕಾನೂನಿನ ರಕ್ಷಣೆ ಇದೆ.

ಒಬ್ಬ ನೃತ್ಯಗಾತಿಯ ದಾರಿ

ನಮ್ಮ ನಾಡಿನ ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದ ತ್ರಿಪುರಾ ಕಶ್ಯಪ್ ಅವರನ್ನು ಭಾರತದಲ್ಲಿ ನೃತ್ಯ ಚಲನೆಯ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರೆಂದು ಗುರುತಿಸುತ್ತಾರೆ. ಅವರು ಚೆನ್ನೈನ ಕಲಾಕ್ಷೇತ್ರದಲ್ಲಿ ಭರತನಾಟ್ಯ ಕಲಿತವರು. ಬಳಿಕ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೃತ್ಯ ಚಿಕಿತ್ಸೆಯ ತರಬೇತಿ ಪಡೆದರು. ಭಾರತಕ್ಕೆ ಮರಳಿ ವಿಶೇಷ ಅಗತ್ಯದ ಮಕ್ಕಳ ಶಾಲೆಗಳಲ್ಲಿ ಕೆಲಸ ಮಾಡಿದರು. 1990ರಲ್ಲಿ ಅವರಿಗೆ ಅಶೋಕ ಫೆಲೋಶಿಪ್ ದೊರೆಯಿತು. 2005ರಲ್ಲಿ ನೃತ್ಯ ಚಿಕಿತ್ಸೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಈ ವಿದ್ಯೆಯನ್ನು ಕಲಿಸುವ, ಹಬ್ಬಿಸುವ ಅಖಿಲ ಭಾರತ ಮಟ್ಟದ ಸಂಘವೊಂದನ್ನು ಕಟ್ಟಿದವರಲ್ಲಿಯೂ ಅವರು ಒಬ್ಬರು.

ಈ ದಾರಿಯಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಭರತನಾಟ್ಯದಲ್ಲಿ ಮುದ್ರೆ ಸರಿಯಿರಬೇಕು, ಅರಮಂಡಿ ಸರಿಯಿರಬೇಕು, ತಾಳ ತಪ್ಪಬಾರದು. ಚಿಕಿತ್ಸೆಯಲ್ಲಿ ಈ ಸರಿ ತಪ್ಪಿನ ಅಳತೆಗೋಲನ್ನು ಕೆಳಗಿಡಬೇಕಾಗುತ್ತದೆ. ನಡೆಯಲು ಕಷ್ಟಪಡುವ ಮಗು ಒಂದು ಕೈಯನ್ನು ಮೇಲೆತ್ತಿದರೆ ಅದೇ ಅದರ ನೃತ್ಯ. ಹಾಗೆಂದು ಮೊದಲು ಕಲಿತ ಶಾಸ್ತ್ರ ವ್ಯರ್ಥವಲ್ಲ. ದೇಹದ ಒಂದು ಸಣ್ಣ ಬದಲಾವಣೆಯನ್ನೂ ಗುರುತಿಸುವ ಕಣ್ಣು ಬರುವುದು ಆ ವರ್ಷಗಳ ಅಭ್ಯಾಸದಿಂದಲೇ. ಕಲಾವಿದರೆಲ್ಲರೂ ಚಿಕಿತ್ಸಕರಲ್ಲ, ಆದರೆ ಕಲೆಯನ್ನು ಕೈಯಾರೆ ದುಡಿಸದವರು ಕಲಾ ಚಿಕಿತ್ಸಕರಾಗುವುದು ಕಷ್ಟ.

ಏನೇನು ಕಲಿಯಬೇಕು?

ಪರಿಪೂರ್ಣ ತರಬೇತಿ ಪಡೆದ ಕಲಾ ಚಿಕಿತ್ಸಕರ ಕಲಿಕೆಯಲ್ಲಿ ನಾಲ್ಕು ಭಾಗಗಳಿರುತ್ತವೆ. ಒಂದು, ಯಾವುದಾದರೊಂದು ಕಲೆಯಲ್ಲಿ ದೀರ್ಘ ಅಭ್ಯಾಸ. ಎರಡು, ಮನಶ್ಶಾಸ್ತ್ರ: ಮಗುವಿನ ಬೆಳವಣಿಗೆ, ಖಿನ್ನತೆ, ಆತಂಕ, ಆಘಾತ, ತೀವ್ರ ಮಾನಸಿಕ ಕಾಯಿಲೆಗಳ ಲಕ್ಷಣ. ಮೂರು, ಆಸ್ಪತ್ರೆ ಅಥವಾ ಶಾಲೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆಗಳ ಕೆಲಸ. ನಾಲ್ಕನೆಯದು ಹೊರಗಿನವರಿಗೆ ಕಾಣುವುದಿಲ್ಲ. ಚಿಕಿತ್ಸಕರು ತಮ್ಮ ಮನಸ್ಸನ್ನೂ ಇನ್ನೊಬ್ಬರ ನೆರವಿನಿಂದ ಪರೀಕ್ಷಿಸಿಕೊಳ್ಳಬೇಕು. ತನ್ನ ತಂದೆಯ ಮೇಲಿನ ಸಿಟ್ಟನ್ನು ಅರಿಯದವನು ಎದುರಿನ ಹುಡುಗನ ಚಿತ್ರದಲ್ಲಿ ತನ್ನ ತಂದೆಯನ್ನೇ ಕಾಣುವ ಅಪಾಯವಿದೆ.

ವೃತ್ತಿ ಆರಂಭಿಸಿದ ಮೇಲೂ ಮೇಲ್ವಿಚಾರಣೆ ನಿಲ್ಲುವುದಿಲ್ಲ. ಹೆಸರು ಗುರುತು ಬಿಟ್ಟು ತಮ್ಮ ಕೆಲಸವನ್ನು ಅನುಭವಿಗಳ ಮುಂದಿಟ್ಟು ಸಲಹೆ ಪಡೆಯುವುದು ಒಳ್ಳೆಯ ಚಿಕಿತ್ಸಕರ ಲಕ್ಷಣ.

ಒಬ್ಬರ ಜೊತೆ ಕೆಲಸ ಹೇಗೆ ನಡೆಯುತ್ತದೆ?

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ತಂದೆ ವರ್ಷದ ಹಿಂದೆ ತೀರಿಕೊಂಡಿದ್ದಾರೆ. ಹುಡುಗ ಅತ್ತಿಲ್ಲ. ರಾತ್ರಿ ನಿದ್ದೆಯಿಲ್ಲ, ಶಾಲೆಗೆ ಹೋಗುವುದು ಕಡಿಮೆಯಾಗಿದೆ. ಕೇಳಿದರೆ ‘ಏನಿಲ್ಲ’ ಎನ್ನುತ್ತಾನೆ. ತಾಯಿ ಅವನನ್ನು ಕಲಾ ಚಿಕಿತ್ಸಕಿಯ ಬಳಿಗೆ ಕರೆತಂದಿದ್ದಾಳೆ.

ಮೊದಲ ಭೇಟಿಯಲ್ಲಿ ಚಿತ್ರದ ಮಾತೇ ಬರದಿರಬಹುದು. ಚಿಕಿತ್ಸಕಿ ತಾಯಿಯಿಂದ ಹಿನ್ನೆಲೆ ಕೇಳಿಕೊಳ್ಳುತ್ತಾಳೆ. ನಿದ್ದೆ, ಊಟ, ಓದು ವಿಚಾರಿಸುತ್ತಾಳೆ. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂಬುದನ್ನೂ ನೇರವಾಗಿ, ಮೆತ್ತಗೆ ಕೇಳುತ್ತಾಳೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮನೋವೈದ್ಯರ ಅಗತ್ಯ ಕಂಡರೆ ಅವರ ಬಳಿಗೆ ಕಳುಹಿಸುತ್ತಾಳೆ. ಔಷಧ ಬರೆದುಕೊಡುವುದು ಅವಳ ಕೆಲಸವಲ್ಲ. ಅನಂತರ ಹುಡುಗನಿಗೆ ನಿಯಮಗಳನ್ನು ಹೇಳುತ್ತಾಳೆ: ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಅದೇ ಕೋಣೆ, ಸುಮಾರು ಮುಕ್ಕಾಲು ಗಂಟೆ. ‘ನೀನು ಇಲ್ಲಿ ಹೇಳಿದ್ದು ಇಲ್ಲಿಯೇ ಉಳಿಯುತ್ತದೆ. ನಿನಗೆ ಅಥವಾ ಇನ್ನೊಬ್ಬರಿಗೆ ಅಪಾಯವಿದೆ ಎಂದು ತೋರಿದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ, ಆಗಲೂ ನಿನಗೆ ಹೇಳಿಯೇ ತಿಳಿಸುತ್ತೇನೆ.’ ಈ ಮಾತಿನ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ.

ಮುಂದಿನ ವಾರ ಮೇಜಿನ ಮೇಲೆ ಪೆನ್ಸಿಲ್, ಸ್ಕೇಲ್, ಬಣ್ಣದ ಕಡ್ಡಿ, ನೀರಿನ ಬಣ್ಣ, ಜೇಡಿಮಣ್ಣು ಇವೆ. ಯಾವುದನ್ನು ಆರಿಸಿಕೊಳ್ಳುವುದು ಹುಡುಗನ ಇಷ್ಟ. ಈ ಸಾಮಗ್ರಿಗಳಿಗೂ ಸ್ವಭಾವವಿದೆ. ಪೆನ್ಸಿಲ್ ಹೇಳಿದಂತೆ ಕೇಳುತ್ತದೆ, ಅಳಿಸಿದರೆ ಅಳಿಯುತ್ತದೆ. ನೀರಿನ ಬಣ್ಣ ತನ್ನಷ್ಟಕ್ಕೆ ಹರಿಯುತ್ತದೆ. ಜೇಡಿಮಣ್ಣು ಗುದ್ದಿದರೂ ಸಹಿಸುತ್ತದೆ, ಮುರಿದರೂ ಮತ್ತೆ ಕೂಡುತ್ತದೆ. ಭಯದಲ್ಲಿರುವವನಿಗೆ ಮೊದಲ ದಿನವೇ ಹರಿಯುವ ಬಣ್ಣ ಕೊಟ್ಟರೆ ಅವನು ಇನ್ನಷ್ಟು ಹೆದರಬಹುದು. ನಮ್ಮ ಹುಡುಗ ಸ್ಕೇಲ್ ಹಿಡಿದು ಗೆರೆಗಳನ್ನಷ್ಟೇ ಎಳೆಯುತ್ತಾನೆ. ಚಿಕಿತ್ಸಕಿ ‘ನಿನ್ನ ಅಪ್ಪನ ಚಿತ್ರ ಬರೆ’ ಎನ್ನುವುದಿಲ್ಲ. ಗೆರೆಗಳು ಅವನಿಗೆ ಈಗ ಬೇಕಾದ ಆಸರೆ ಎಂದು ಸುಮ್ಮನಿರುತ್ತಾಳೆ.

ನಾಲ್ಕನೆಯ ವಾರ ಅವನು ಬಾಗಿಲಿಲ್ಲದ ಮನೆಯೊಂದನ್ನು ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಅರ್ಧ ಓದಿದವರು ತಕ್ಷಣ ‘ಮನಸ್ಸಿನ ಬಾಗಿಲು ಮುಚ್ಚಿದೆ’ ಎಂದು ತೀರ್ಪು ಕೊಟ್ಟಾರು. ಚಿಕಿತ್ಸಕಿ ಕೇಳುವುದು ಇಷ್ಟೇ: ‘ಈ ಮನೆಯ ಬಗ್ಗೆ ಏನಾದರೂ ಹೇಳುತ್ತೀಯಾ?’ ಹುಡುಗ ಹೇಳುತ್ತಾನೆ, ‘ಬಾಗಿಲು ಹಿಂದಿದೆ, ಕಾಣಲ್ಲ. ಅಪ್ಪ ಕೆಲಸಕ್ಕೆ ಹೋಗುತ್ತಿದ್ದದ್ದು ಆ ಬಾಗಿಲಿಂದ.’ ಚಿತ್ರದ ಅರ್ಥ ನೋಡುವವರ ಪುಸ್ತಕದಲ್ಲಿ ಇರುವುದಿಲ್ಲ. ಬರೆದವನ ಬಳಿ ಇರುತ್ತದೆ. ಇದು ಈ ವೃತ್ತಿಯ ಮೊದಲ ಪಾಠ.

ಇನ್ನು ಕೆಲವು ವಾರಗಳಾದ ಮೇಲೆ ಅವನು ಮಣ್ಣಿನಲ್ಲಿ ಸುತ್ತಿಗೆ ಮತ್ತು ಉಳಿ ಮಾಡುತ್ತಾನೆ. ಮಾಡುತ್ತ ಮಾಡುತ್ತ, ಆ ಬೆಳಗ್ಗೆ ಬುತ್ತಿ ಕೊಟ್ಟು ಬಾ ಎಂದಾಗ ತಾನು ಆಟಕ್ಕೆ ಓಡಿದೆ, ತಾನು ಹೋಗಿದ್ದರೆ ಅಪ್ಪ ಉಳಿಯುತ್ತಿದ್ದನೇನೋ ಎಂಬ ಮಾತು ಹೊರಬೀಳುತ್ತದೆ. ವರ್ಷದಿಂದ ಅವನನ್ನು ತಿನ್ನುತ್ತಿದ್ದದ್ದು ಅದು. ಕಣ್ಣು, ಕೈ ಬೇರೆ ಕೆಲಸದಲ್ಲಿದ್ದಾಗ, ಎದುರಿನವರ ಮುಖ ನೋಡಬೇಕಾದ ಸಂಕೋಚವಿಲ್ಲದಾಗ ಕಷ್ಟದ ಮಾತು ಬರುವುದು ಸುಲಭ. ಕಲೆ ಇಲ್ಲಿ ಮಾಡುವ ಉಪಕಾರ ಬಹುಮಟ್ಟಿಗೆ ಇದೇ. ನಮ್ಮ ಕಡೆಯ ಗಣಿಗಳಲ್ಲಿ ನೀವು ನೋಡಿರಬಹುದು: ಅನುಭವಿ ಕಲ್ಲುಕುಟಿಗ ಕಂಡಲ್ಲಿ ಹೊಡೆಯುವುದಿಲ್ಲ, ಪದರು ಎಲ್ಲಿ ತಾನಾಗಿ ಬಿಡುತ್ತದೆಯೋ ಅಲ್ಲಿ ಉಳಿ ಇಡುತ್ತಾನೆ. ಬಲ ಹಾಕಿದರೆ ಫರಸಿ ಒಡೆದುಹೋಗುತ್ತದೆ.

ಆ ಮಾತು ಹೊರಬಂದ ದಿನ ಕೆಲಸ ಮುಗಿಯುವುದಿಲ್ಲ. ‘ನಿನ್ನದೇನೂ ತಪ್ಪಿಲ್ಲ ಬಿಡು’ ಎಂದು ಒಂದೇ ಮಾತಿನಲ್ಲಿ ಒರೆಸಿಬಿಟ್ಟರೆ ಹುಡುಗ ಮತ್ತೆ ಮೌನಕ್ಕೆ ಮರಳಬಹುದು. ಆ ದಿನ ಏನಾಯಿತು, ಅವನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ನಿಧಾನವಾಗಿ, ಅವನೇ ಕಂಡುಕೊಳ್ಳುವಂತೆ ನೋಡಬೇಕು. ನಿದ್ದೆ ಬರುತ್ತಿದೆಯೇ, ಶಾಲೆಗೆ ಹೋಗುತ್ತಿದ್ದಾನೆಯೇ ಎಂಬುದೇ ಪ್ರಗತಿಯ ಅಳತೆ. ಚಿತ್ರದ ಅಂದ ಅಲ್ಲ. ಕೊನೆಯ ಭೇಟಿ ಯಾವಾಗ ಎಂಬುದನ್ನೂ ಮೊದಲೇ ಹೇಳಿರುತ್ತಾರೆ, ಏಕೆಂದರೆ ಒಬ್ಬರನ್ನು ಹಠಾತ್ತಾಗಿ ಕಳೆದುಕೊಂಡವನಿಗೆ ಇನ್ನೊಂದು ಹಠಾತ್ ಅಗಲಿಕೆ ಬೇಡ. ಚಿತ್ರಗಳೆಲ್ಲ ಹುಡುಗನ ಸ್ವತ್ತು. ಮನೆಗೆ ಒಯ್ಯಬೇಕೋ, ಅಲ್ಲಿಯೇ ಇಡಬೇಕೋ, ಹರಿದು ಹಾಕಬೇಕೋ ಅವನೇ ತೀರ್ಮಾನಿಸುತ್ತಾನೆ. ಅವನ ಒಪ್ಪಿಗೆಯಿಲ್ಲದೆ ಅವುಗಳನ್ನು ಪ್ರದರ್ಶನಕ್ಕೆ ಇಡುವುದು, ಫೋಟೋ ತೆಗೆದು ಹಂಚುವುದು ತಪ್ಪು.

ಫಲ ಎಷ್ಟು?

ಕಲಾ ಚಿಕಿತ್ಸೆ ಎಲ್ಲ ರೋಗಕ್ಕೂ ಮದ್ದು ಎಂದು ಹೇಳುವವರನ್ನು ನಂಬಬೇಡಿ. ಫಿನ್ಲೆಂಡಿನಲ್ಲಿ ಖಿನ್ನತೆಯಿದ್ದ 79 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವಾಡಿಕೆಯ ಚಿಕಿತ್ಸೆಯ ಜೊತೆಗೆ ವೈಯಕ್ತಿಕ ಸಂಗೀತ ಚಿಕಿತ್ಸೆಯನ್ನೂ ಪಡೆದವರಲ್ಲಿ ಮೂರು ತಿಂಗಳ ಹೊತ್ತಿಗೆ ಹೆಚ್ಚಿನ ಸುಧಾರಣೆ ಕಂಡಿತು. ಆರು ತಿಂಗಳಿಗೆ ಆ ಅಂತರ ತಗ್ಗಿತ್ತು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೀನಿಯಾ ಇರುವ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಗುಂಪಿನಲ್ಲಿ ನೀಡಿದ ಕಲಾ ಚಿಕಿತ್ಸೆಯಿಂದ ಸ್ಪಷ್ಟ ಲಾಭವೇನೂ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಕೆಲವು ತೊಂದರೆಗಳಲ್ಲಿ, ಕೆಲವರಿಗೆ, ಇತರ ಚಿಕಿತ್ಸೆಯ ಜೊತೆಗೂಡಿ ಇದು ನೆರವಾಗುತ್ತದೆ. ತೀವ್ರ ಕಾಯಿಲೆಯಲ್ಲಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಿ ಬಣ್ಣ ಹಿಡಿಯುವುದು ಅಪಾಯ.

ಹಾಗೆಯೇ ಕಲೆಯ ಎಲ್ಲ ಒಳ್ಳೆಯ ಕೆಲಸವೂ ಚಿಕಿತ್ಸೆಯಲ್ಲ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿ ಹೆಸರಾದರು. ಅದರಿಂದ ಅನೇಕರ ಬದುಕಿಗೆ ಹೊಸ ತಿರುವು ಸಿಕ್ಕಿತು. ಆದರೆ ಅದು ರಂಗಭೂಮಿ. ಅದರ ಗುರಿ ಪ್ರೇಕ್ಷಕರ ಮುಂದಿನ ಪ್ರದರ್ಶನ. ಚಿಕಿತ್ಸೆಯ ಕೋಣೆಯಲ್ಲಿ ಪ್ರೇಕ್ಷಕರಿಲ್ಲ. ಎರಡಕ್ಕೂ ಗೌರವವಿದೆ, ಎರಡನ್ನೂ ಒಂದೇ ಎನ್ನಬಾರದು.

ನಮ್ಮ ಜಿಲ್ಲೆಗೆ ಇದು ಎಷ್ಟು ದೂರ?

ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದುಗೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ತಜ್ಞರು ರಾಜಧಾನಿಯಲ್ಲಿದ್ದರೆ ಹಳ್ಳಿಯವರ ಗತಿ ಏನು ಎಂಬ ಪ್ರಶ್ನೆಯನ್ನು ಆ ಸಂಸ್ಥೆಯೇ ಎತ್ತಿಕೊಂಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಪ್ರಯೋಗ ನಡೆಸಿತು. ಆ ಬಳ್ಳಾರಿ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ನಮ್ಮದೇ ಭಾಗದ ಒಂದು ಜಿಲ್ಲೆ ದೇಶಕ್ಕೆ ದಾರಿ ತೋರಿಸಿದ ಸಂಗತಿ ಇದು.

ಕಲಾ ಚಿಕಿತ್ಸಕರು ಮಾತ್ರ ಇನ್ನೂ ಬಹುಮಟ್ಟಿಗೆ ದೊಡ್ಡ ನಗರಗಳಲ್ಲೇ ಇದ್ದಾರೆ. ಹಾಗೆಂದು ನೆರವಿಲ್ಲದೆ ಕೂರಬೇಕಾಗಿಲ್ಲ. ಸರಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳಿಗಾಗಿ 1098 ಇದೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದನ್ನು ರೋಗಿಯ ಹಕ್ಕನ್ನಾಗಿ ಮಾಡಿದೆ.

ಯಾರಾದರೂ ‘ನಾನು ಕಲಾ ಚಿಕಿತ್ಸಕ’ ಎಂದರೆ ನೀವು ಧೈರ್ಯವಾಗಿ ಕೇಳಬಹುದಾದ ಪ್ರಶ್ನೆಗಳಿವೆ. ಎಲ್ಲಿ ಕಲಿತಿರಿ? ಎಷ್ಟು ಕಾಲ ಮೇಲ್ವಿಚಾರಣೆಯಲ್ಲಿ ದುಡಿದಿರಿ? ಈಗಲೂ ಮೇಲ್ವಿಚಾರಕರಿದ್ದಾರೆಯೇ? ನನ್ನ ಮಾತನ್ನು ಯಾರಿಗೆ ಹೇಳುತ್ತೀರಿ? ಎರಡು ದಿನದ ಶಿಬಿರದ ಪ್ರಮಾಣಪತ್ರ ಸಾಲದು. 2021ರಲ್ಲಿ ಸಹಾಯಕ ಆರೋಗ್ಯ ವೃತ್ತಿಗಳಿಗಾಗಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಕಲೆ, ನೃತ್ಯ ಮತ್ತು ಚಲನೆಯ ಚಿಕಿತ್ಸಕರ ಹೆಸರೂ ಸೇರಿರುವುದು ಒಳ್ಳೆಯ ಸೂಚನೆ.

ಮಿತ್ರರೇ, ನಿಮ್ಮಲ್ಲಿ ಚಿತ್ರ ಬರೆಯುವವರಿದ್ದೀರಿ, ಭಜನೆ ಮೇಳದಲ್ಲಿ ತಬಲಾ ನುಡಿಸುವವರಿದ್ದೀರಿ, ತಾಂಡಾದ ಹಾಡು ಕುಣಿತ ಬಲ್ಲವರಿದ್ದೀರಿ. ಅದರ ಜೊತೆಗೆ ಮನಶ್ಶಾಸ್ತ್ರವನ್ನೂ ಓದುವ ಆಸಕ್ತಿ ನಿಮಗಿದ್ದರೆ ಇದು ನಿಮ್ಮ ವೃತ್ತಿಯಾಗಬಹುದು. ಕಲಬುರಗಿಯ ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ ಮಾತಾಡಬಲ್ಲ ಚಿಕಿತ್ಸಕರು ಈ ಭಾಗಕ್ಕೆ ಬೇಕು. ಅವರು ಇಲ್ಲಿಂದಲೇ ಬಂದರೆ ಚೆನ್ನ.

ವೃತ್ತಿಗೆ ಬಾರದವರೂ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಪಕ್ಕದ ಬೆಂಚಿನ ಗೆಳೆಯ ಮಾತು ಕಡಿಮೆ ಮಾಡಿದ್ದರೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಕಾರಣ ಹೇಳು ಎಂದು ಒತ್ತಾಯಿಸಬೇಡಿ, ಅವನು ಹೇಳಿದ್ದನ್ನು ಊರಿಗೆಲ್ಲ ಹೇಳಬೇಡಿ. ಆದರೆ ಸಾಯುವ ಮಾತು ಬಂದರೆ ಮಾತ್ರ ಆ ಗುಟ್ಟನ್ನು ನೀವೊಬ್ಬರೇ ಹೊರಬೇಡಿ. ಕೂಡಲೇ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ, ಅವನ ಜೊತೆಗೇ ಇದ್ದು 14416ಕ್ಕೆ ಕರೆ ಮಾಡಿಸಿ. ಗೆಳೆಯನ ಸಿಟ್ಟಿಗಿಂತ ಅವನ ಪ್ರಾಣ ದೊಡ್ಡದು.